ಸಾರಿ ಕೇಳಿಸಿಕೊಳ್ಳುವ ಕುರ್ಚಿ

ನನ್ನ ಕಫೀಲ್, ಅಂದರೆ ವೀಸಾ ಕೊಟ್ಟ ಯಜಮಾನ, ಅರಬನಲ್ಲ. ಮಂಗಳೂರಿನವನು. ಆಫೀಸಿನಲ್ಲಿ ಇಂಗ್ಲಿಷ್, ಮನೆಯಲ್ಲಿ ಕೊಂಕಣಿ, ನನ್ನ ಹತ್ತಿರ ಕನ್ನಡ, ಸಿಟ್ಟು ಬಂದರೆ ತುಳು. ನಾನು ಸೌದಿಗೆ ಹೊರಟಾಗ ಊರಿನವರೆಲ್ಲ ಅರಬರ ಹೆಸರು ಹೇಳಿ ಹೆದರಿಸಿದ್ದರು. ಅರಬರ ಮನೆಯ ಒಳಗು ಹೇಗಿರುತ್ತದೆ ಎಂದು ನಾನು ಈವರೆಗೆ ಕಂಡಿಲ್ಲ. ನಾನು ಕಂಡದ್ದು ದಹ್ರಾನಿನ ಗೇಟು ಹಾಕಿದ ಕ್ಯಾಂಪಿನಲ್ಲಿ ಎಂಜಿನಿಯರ್ ರೆಜಿನಾಲ್ಡ್ ಸರ್ ಮನೆಯನ್ನು. ನಮ್ಮೂರಿನ ದೊಡ್ಡವರು ಎಲ್ಲಿಗೆ ಹೋದರೂ ಬ್ಯಾಗಿನಲ್ಲಿ ಉಪ್ಪಿನಕಾಯಿ ಜೊತೆಗೆ ನಮ್ಮೂರನ್ನೂ ಕಟ್ಟಿಕೊಂಡು ಹೋಗುತ್ತಾರೆ. ವಿಮಾನದಲ್ಲಿ ಅದಕ್ಕೆ ತೂಕ ಇಲ್ಲ.

ಶುಕ್ರವಾರ ಬೆಳಿಗ್ಗೆ ಮನೆಯ ಪರದೆಗಳನ್ನೆಲ್ಲ ಎಳೆಯುವುದು ನನ್ನ ಕೆಲಸ. ಇವರು ಕ್ರೈಸ್ತರು, ಈ ದೇಶದಲ್ಲಿ ಇಗರ್ಜಿ ಇಲ್ಲ. ಪ್ರಾರ್ಥನೆ ಮನೆಯೊಳಗೆ, ಸಣ್ಣ ದನಿಯಲ್ಲಿ. ವಾಟ್ಸಾಪ್ ಗುಂಪಿನಲ್ಲಿ ಅದನ್ನು ಬರ್ತ್‌ಡೇ ಎಂದು ಬರೆಯುತ್ತಾರೆ. ವಾರಕ್ಕೊಂದು ಬರ್ತ್‌ಡೇ. ದೊಡ್ಡವರ ಪ್ರಾರ್ಥನೆ ಮುಗಿದ ಮೇಲೆ ಸರ್ ಹೆಂಡತಿ ಸೆವ್ರಿನ್ ಮೇಡಂ ಮಕ್ಕಳಿಗೆ ದೊತೊರ್ನ್ ಹೇಳಿಕೊಡುತ್ತಾರೆ. ದೊತೊರ್ನ್ ಅಂದರೆ ಧರ್ಮದ ಪಾಠ. ಹದಿನೆಂಟು ಮಕ್ಕಳು. ಮಕ್ಕಳು ಪಾಠ ಕೇಳುವಾಗ ನಾನು ಅಡುಗೆಕೋಣೆಯಲ್ಲಿ ದೊಡ್ಡವರೂ ಸೇರಿ ಮೂವತ್ತು ಜನರ ತಿಂಡಿ ಮಾಡುತ್ತಿದ್ದೆ, ಆಮೇಲೆ ಮೂವತ್ತು ಜನರ ಪಾತ್ರೆ ತೊಳೆಯುತ್ತಿದ್ದೆ.

ಅವರು ಆ ಮನೆಯಲ್ಲಿ ದೇವರನ್ನು ಬಚ್ಚಿಟ್ಟಿದ್ದರು. ನಾನು ಜಾತಿಯನ್ನು ಬಚ್ಚಿಟ್ಟಿದ್ದೆ.

ನಾನು ಕೊರಗರವಳು, ಕರಾವಳಿಯ ಮೂಲನಿವಾಸಿ. ಹೆಸರು ವಿನೋದಾ, ಬುಟ್ಟಿ ಹೆಣೆಯುವ ಬಾಡನ ಮಗಳು. ಆಶ್ರಮ ಶಾಲೆಯಲ್ಲಿ ಹತ್ತನೆಯ ತರಗತಿ ಪಾಸು ಮಾಡಿದ್ದೇನೆ. ಗಂಡ ಇಲ್ಲ, ಕುಡಿದು ಸತ್ತ. ಒಂಬತ್ತು ವರ್ಷದ ಮಗಳು ಭವ್ಯಶ್ರೀ ಊರಲ್ಲಿ ನನ್ನ ಅಕ್ಕನ ಜೊತೆ ಇದ್ದಾಳೆ. ಕೆಲಸಕ್ಕೆ ಕಳಿಸಿದ ಉಡುಪಿಯ ಏಜೆಂಟ್ ಹೆಂಗಸು ನನ್ನ ಕಾಗದಪತ್ರ ನೋಡಿ, "ಕೇಳಿದ್ರೆ ಬಿಲ್ಲವರು ಅಂತ ಹೇಳು. ಅವರಿಗೆ ಅಡುಗೆಗೆ ಜನ ಬೇಕಾದ್ದು," ಅಂದಿದ್ದಳು. ಮೇಡಂ ಕೇಳಿದರು. ನಾನು ಹಾಗೆಯೇ ಹೇಳಿದೆ. ಸುಳ್ಳು ಹೇಳಿದ್ದಕ್ಕೆ ನನಗೆ ನಾಚಿಕೆ ಇಲ್ಲ. ಸಾಂಬಾರಿಗೆ ಉಪ್ಪು ಹಾಕುವ ಮೊದಲು ಕೈಯ ಜಾತಿ ಕೇಳುವವರಿಗೆ ನಾಚಿಕೆ ಇರಬೇಕು.

ಒಂದೂವರೆ ವರ್ಷ ಅವರು ನನ್ನ ಕೈಯ ಸಣ್ಣಾ ಇಡ್ಲಿ ತಿಂದರು, ನನ್ನ ಕೈಯ ಮೀನುಸಾರು ಉಂಡರು. "ವಿನೋದಾನ ಕೈಯಲ್ಲಿ ರುಚಿ ಉಂಟು," ಎಂದು ಮೇಡಂ ಬಂದವರಿಗೆಲ್ಲ ಹೇಳುತ್ತಿದ್ದರು. ಅದೇ ಮೇಡಂ, ಮಗಳು ಝೀನಾ ಆಟವಾಡಿ ಮೈಯೆಲ್ಲ ಮರಳು ಮಾಡಿಕೊಂಡು ಬಂದರೆ, "ಎಂತ ಕೊರಗನ ಹಾಗೆ ಕಾಣ್ತಿ, ಹೋಗು, ವಿನೋದಾನ ಹತ್ರ ಉಜ್ಜಿಸಿಕೋ," ಎನ್ನುತ್ತಿದ್ದರು. ನಾನು ಉಜ್ಜುತ್ತಿದ್ದೆ. ಕೊರಗನ ಹಾಗೆ ಕಾಣುವ ಅವರ ಮಗಳನ್ನು ಕೊರಗರವಳು ಸಾಬೂನು ಹಾಕಿ ಬೆಳ್ಳಗೆ ಮಾಡಿ ಕೊಡುತ್ತಿದ್ದೆ. ಒಳಗೊಳಗೇ ನಗುವೂ ಬರುತ್ತಿತ್ತು, ಉಗಿಯಬೇಕೆಂದೂ ಅನಿಸುತ್ತಿತ್ತು.

ಈ ವರ್ಷ ಫೆಬ್ರುವರಿಯಲ್ಲಿ ಕೆನಡಾದಲ್ಲಿರುವ ಮೇಡಂ ತಂಗಿ ಇಲ್ಲಿಯ ಮಕ್ಕಳ ಪಾಠಕ್ಕೆ ಹೊಸ ಪುಸ್ತಕ ಕಳಿಸಿದಳು. ಅಲ್ಲಿಯ ಮೂಲನಿವಾಸಿಗಳ ಬಗ್ಗೆ. ಬಿಳಿಯರು ಅವರ ಭೂಮಿ ಕಿತ್ತುಕೊಂಡದ್ದು, ಮಕ್ಕಳನ್ನು ತಾಯಂದಿರಿಂದ ಎಳೆದುಕೊಂಡು ಹೋಗಿ ಮಿಶನ್ ಶಾಲೆಗೆ ಹಾಕಿದ್ದು, ಕೂದಲು ಕತ್ತರಿಸಿದ್ದು, ಅವರ ಭಾಷೆ ಆಡಿದರೆ ಹೊಡೆದದ್ದು. ಈಗ ಕ್ಷಮೆ ಕೇಳಿ ರಾಜಿಯಾಗಬೇಕು, ಒಂದಾಗಬೇಕು. ಆರು ವಾರದ ಪಾಠ. ಮೇಡಂ ಬಣ್ಣದ ಪೆನ್ನಿನಲ್ಲಿ ಚಾರ್ಟ್ ಬರೆದರು: ಪ್ರತಿಯೊಬ್ಬ ಮನುಷ್ಯನಿಗೂ ದೇವರ ಮುಂದೆ ಬೆಲೆಯಿದೆ. ನಾನು ಸ್ಟೂಲ್ ಹತ್ತಿ ಅದನ್ನು ಗೋಡೆಗೆ ಅಂಟಿಸಿದೆ. ಮೇಡಂ ಕೆಳಗೆ ನಿಂತು, "ಸ್ವಲ್ಪ ವಾರೆ ಆಯ್ತು ವಿನೋದಾ," ಅಂದರು.

ನಿಜ ಹೇಳುತ್ತೇನೆ, ಆ ಪಾಠ ಕೇಳಿ ನಾನು ಅತ್ತೆ. ಈರುಳ್ಳಿ ಕತ್ತರಿಸುತ್ತಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ. ಭಾಷೆ ಆಡಿದ್ದಕ್ಕೆ ಹೊಡೆಸಿಕೊಂಡ ಆ ಮಕ್ಕಳ ಹೆಸರು ನನ್ನ ಬಾಯಲ್ಲಿ ಹೊರಳಲಿಲ್ಲ. ಆದರೂ ಅವರು ನಮ್ಮ ಕೇರಿಯ ಮಕ್ಕಳೇ ಎಂದು ಅನಿಸಿತು. ಹಾಲ್‌ನಲ್ಲಿ ಮೇಡಂ ಕೂಡ ಕಣ್ಣು ಒರೆಸಿಕೊಂಡರು. ಹನ್ನೊಂದು ಸಾವಿರ ಕಿಲೋಮೀಟರ್ ಆಚೆಗಿನ ದುಃಖ ಅವರಿಗೆ ಸರಿಯಾಗಿ ಕಾಣುತ್ತಿತ್ತು. ಹತ್ತಿರದ್ದು ಕಾಣದ ಕಣ್ಣಿಗೆ ಕನ್ನಡಕ ಸಿಗುತ್ತದೆ, ಆದರೆ ಅದನ್ನು ಹಾಕಿಕೊಳ್ಳುವ ಮನಸ್ಸು ಬೇಕಲ್ಲ.

ನನ್ನ ಸುಳ್ಳು ಹೊರಬಿದ್ದದ್ದು ನನ್ನ ಕೈಯಿಂದಲೇ. ಕ್ಯಾಂಪಿನ ಮಾಲಿ ಯಹ್ಯಾ ಖರ್ಜೂರದ ಮರಗಳ ಗರಿ ಕಡಿದು ಹಿತ್ತಲಲ್ಲಿ ರಾಶಿ ಹಾಕಿದ್ದ. ಮಕ್ಕಳ ಕಾಣಿಕೆ ಹಾಕಲು ಬುಟ್ಟಿ ಬೇಕು, ಪ್ಲಾಸ್ಟಿಕ್ಕಿನದು ಚೆಂದ ಕಾಣುವುದಿಲ್ಲ ಎಂದು ಮೇಡಂ ಹೇಳುತ್ತಿದ್ದರು. ನನ್ನ ಬೆರಳು ಸುಮ್ಮನೆ ಇರಲಿಲ್ಲ. ಊರಲ್ಲಿ ನಾವು ಕಾಡಿನ ಬಳ್ಳಿಯಲ್ಲಿ ಹೆಣೆಯುತ್ತೇವೆ. ಇಲ್ಲಿ ಬಳ್ಳಿ ಇಲ್ಲ. ಗರಿಯನ್ನು ಸೀಳಿ ನೆನೆಸಿ ಒಂದು ಮಧ್ಯಾಹ್ನದಲ್ಲಿ ಹೆಣೆದು ಮುಗಿಸಿದೆ. ಮೇಡಂ ಫೋಟೋ ತೆಗೆದು ಸ್ಟೇಟಸ್ ಹಾಕಿದರು.

ಆ ತಿಂಗಳು ಸರ್ ತಾಯಿ ಕಾರ್ಮಿನ್ ಬಾಯಿ ವಿಸಿಟ್ ವೀಸಾದಲ್ಲಿ ಬಂದಿದ್ದರು. ಊರಲ್ಲಿ ತೋಟ, ಗದ್ದೆ, ಆಳುಗಳನ್ನು ನೋಡಿಕೊಂಡವರು. ಅವರು ಬುಟ್ಟಿಯನ್ನು ಹಿಡಿದು ಅದರ ಮೇಲ್ಭಾಗ ನೋಡಲೇ ಇಲ್ಲ. ಕವುಚಿ ಹಾಕಿ ಅಡಿಯ ಹೆಣಿಗೆ ನೋಡಿದರು. ಪೇಟೆಯಲ್ಲಿ ಬೆಳೆದ ಸೊಸೆಗೆ ಗೊತ್ತಿಲ್ಲದ ಕೊರಗರ ಹೆಣಿಗೆ ಅತ್ತೆಯ ಬೆರಳಿಗೆ ಗೊತ್ತಿತ್ತು.

"ಇದು ಯಾರು ಮಾಡಿದ್ದು?"

"ನಾನು ಬಾಯಿ."

"ನಿನ್ನ ಅಪ್ಪನ ಹೆಸರು ಎಂತ?"

"ಬಾಡ."

"ಎಂತ ಕೆಲಸ ಅವನಿಗೆ?"

ಅವರು ಬುಟ್ಟಿಯನ್ನು ನೆಲಕ್ಕಿಟ್ಟರು. ಸೊಸೆಯ ಕಡೆ ತಿರುಗಿ ಕೊಂಕಣಿಯಲ್ಲಿ ಎರಡು ಮಾತು ಹೇಳಿದರು. ನನಗೆ ಅದರಲ್ಲಿ ಅರ್ಥವಾದದ್ದು ಒಂದೇ ಪದ, ಅದು ನನ್ನ ಜಾತಿಯ ಹೆಸರು. ಆಮೇಲೆ ಕಾರ್ಮಿನ್ ಬಾಯಿ ಬೇಸಿನ್ನಿಗೆ ಹೋಗಿ ಬಾಯಿ ಮುಕ್ಕಳಿಸಿದರು. ಎರಡು ವಾರದಿಂದ ತಿಂದದ್ದು ಒಂದು ಲೋಟ ನೀರಿಗೆ ಹೋಗುತ್ತದೆಯೇ? ಪಾಪ, ಅವರ ನಂಬಿಕೆ ದೊಡ್ಡದು.

ಯಾರೂ ಬೈಯಲಿಲ್ಲ. ಓದಿದವರ ಮನೆ. ಮರುದಿನ ಮೇಡಂ ನಗುತ್ತಾ, "ಇನ್ನು ಅಡುಗೆ ನಾನೇ ಮಾಡ್ತೇನೆ ವಿನೋದಾ, ನಿನಗೆ ಯಾಕೆ ಎಲ್ಲ ಕಷ್ಟ," ಅಂದರು. ಕಷ್ಟ ಕಮ್ಮಿ ಮಾಡಿ ಕಕ್ಕಸು, ಕಾರು, ನೆಲ, ಬಟ್ಟೆ ಕೊಟ್ಟರು. ಸಿಂಕಿನ ಅಡಿಯಲ್ಲಿ, ಫಿನೈಲ್ ಬಾಟಲಿಯ ಪಕ್ಕ, ನನಗೊಂದು ನೀಲಿ ಪ್ಲಾಸ್ಟಿಕ್ ತಟ್ಟೆ ಬಂತು. ಗೋಡೆಯ ಚಾರ್ಟ್ ಹಾಗೆಯೇ ಇತ್ತು. ದಿನಾ ಧೂಳು ಒರೆಸುವಾಗ ಅದರ ಮೇಲೂ ಬಟ್ಟೆ ಆಡಿಸುತ್ತಿದ್ದೆ.

ಆರನೆಯ ವಾರದ ಪಾಠಕ್ಕೆ ಮೂರು ದಿನ ಇರುವಾಗ ಮೇಡಂ ನನ್ನನ್ನು ಹಾಲ್‌ಗೆ ಕರೆದರು. ಮುಖದಲ್ಲಿ ಖುಷಿ ಇತ್ತು. ಕೊನೆಯ ಪಾಠದಲ್ಲಿ ಮಕ್ಕಳು ಒಬ್ಬೊಬ್ಬರೇ ಬಂದು ಮೂಲನಿವಾಸಿಯ ಹತ್ತಿರ ಸಾರಿ ಹೇಳಬೇಕಂತೆ. ಪುಸ್ತಕದಲ್ಲಿ ಗೊಂಬೆ ಮಾಡಲು ಹೇಳಿದ್ದರು.

"ನಮಗೆ ಗೊಂಬೆ ಯಾಕೆ, ನೀನು ನಿಜವಾದ ಮೂಲನಿವಾಸಿ ಅಲ್ವಾ. ನನಗೆ ಹೊಳೆಯಲೇ ಇಲ್ಲ ನೋಡು," ಅಂದರು. "ಕುರ್ಚಿಯಲ್ಲಿ ಕೂತರೆ ಆಯ್ತು. ತಲೆಗೆ ಒಂದು ಗರಿಯ ಪಟ್ಟಿ. ಮಕ್ಕಳು ಸಾರಿ ಹೇಳ್ತಾರೆ, ಚಾಕಲೇಟ್ ಕೊಡ್ತಾರೆ. ಕೊನೆಗೆ ನೀನು ಐ ಫರ್ಗಿವ್ ಯು ಅಂತ ಹೇಳ್ಬೇಕು. ಅಷ್ಟೇ."

"ನಾನು ಬೇಡ ಮೇಡಂ."

"ಎಂತಕ್ಕೆ ಬೇಡ? ನಿನಗೆ ಮರ್ಯಾದೆ ಅಲ್ವಾ ಇದು."

ನಾನು ನೆಲ ನೋಡಿದೆ. ಮೇಡಂ ದನಿ ತಗ್ಗಿಸಿದರು. "ಮೇಯಲ್ಲಿ ನಿನ್ನ ರಜೆ ಉಂಟಲ್ಲ. ಸರ್ ಈ ವರ್ಷ ಬೇಡ ಅಂತಿದ್ದಾರೆ. ಹೋಗಿ ಬರುವ ಪೇಪರ್, ಎಕ್ಸಿಟ್ ರೀ-ಎಂಟ್ರಿ, ಅವರೇ ಹಾಕ್ಬೇಕಲ್ಲ. ನೀನು ಚೆಂದ ಮಾಡಿ ಕೂತ್ರೆ ನಾನು ಮಾತಾಡ್ತೇನೆ."

ಎರಡು ವರ್ಷ ಆಗುತ್ತಿತ್ತು ಮಗಳನ್ನು ಮುಟ್ಟಿ. ಮೇ ತಿಂಗಳ ದಿನಗಳನ್ನು ಭವ್ಯಶ್ರೀ ಕ್ಯಾಲೆಂಡರಿನಲ್ಲಿ ಸುತ್ತು ಹಾಕುತ್ತಿದ್ದಾಳೆ ಎಂದು ಅಕ್ಕ ಹೇಳಿದ್ದಳು. ನನ್ನ ಪಾಸ್‌ಪೋರ್ಟ್ ಸರ್ ಕಪಾಟಿನಲ್ಲಿತ್ತು. ಸರಿ ಎಂದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಆದರೂ ಸರಿ ಎಂದೆ. ಆ ಸಂಜೆ ಮೇಡಂ ಕೊಟ್ಟ ಬಣ್ಣದ ಕಾಗದದಲ್ಲಿ ನನ್ನ ತಲೆಗೆ ಬೇಕಾದ ಗರಿಗಳನ್ನು ನಾನೇ ಕತ್ತರಿಸಿದೆ. ಐ ಫರ್ಗಿವ್ ಯು ಎಂದು ಕಕ್ಕಸು ತೊಳೆಯುತ್ತಾ ಬಾಯಿಪಾಠ ಮಾಡಿದೆ.

ಅಷ್ಟರಲ್ಲಿ ಮೇಡಂ ಅವರ ಸಣ್ಣ ಮಗುವಿಗೆ ಜ್ವರ ಬಂತು. ಹತ್ತು ತಿಂಗಳ ಮಗು. ಡಾಕ್ಟರು ಔಷಧ ಕೊಟ್ಟಿದ್ದರು. ಎರಡು ದಿನವಾದರೂ ಜ್ವರ ಇಳಿಯಲಿಲ್ಲ. ಶುಕ್ರವಾರ ಬೆಳಿಗ್ಗೆ ನಾನು ಪರದೆ ಎಳೆಯುತ್ತಿದ್ದಾಗ ಕಾರ್ಮಿನ್ ಬಾಯಿ ನನ್ನನ್ನು ಅಡುಗೆಕೋಣೆಗೆ ಕರೆದರು. ನೀಲಿ ತಟ್ಟೆಯಲ್ಲಿ ಅನ್ನ ಇತ್ತು. ಎಣ್ಣೆ ಹಾಕಿ ಕಲಸಿದ ಬಿಳಿ ಅನ್ನ. ಅದರಲ್ಲಿ ಎಳೆಯ ಕೂದಲು. ಅಕ್ಕಿಯ ನುಚ್ಚಿನಷ್ಟು ಸಣ್ಣ ಉಗುರುಗಳು.

"ತಿನ್ನು," ಅಂದರು. "ಮಗುವಿನ ದೋಷ ಹೋಗ್ಲಿ."

ಊರಲ್ಲಿ ಇದಕ್ಕೆ ಅಜಲು ಅನ್ನುತ್ತಾರೆ. ಬಸುರಿಯ, ಕಾಯಿಲೆಯವರ ಕೂದಲು ಉಗುರನ್ನು ಅನ್ನಕ್ಕೆ ಕಲಸಿ ಕೊರಗರಿಗೆ ತಿನ್ನಿಸುವುದು. ನಾವು ತಿಂದರೆ ಅವರ ಪೀಡೆ ನಮ್ಮ ಹೊಟ್ಟೆಗೆ ಬರುತ್ತದೆ, ಅವರು ಹುಷಾರಾಗುತ್ತಾರೆ. ನನಗೆ ಎಂಟು ವರ್ಷವಿದ್ದಾಗ ಸರಕಾರ ಇದನ್ನು ಕಾನೂನು ಮಾಡಿ ನಿಲ್ಲಿಸಿತು. ಅದಕ್ಕೂ ಮೊದಲು ನನ್ನ ಅಪ್ಪ ಒಂದು ದೊಡ್ಡ ಮನೆಯ ಅಂಗಳದಲ್ಲಿ ಕೂತು ತಿಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಂಟಲಿಗೆ ಕೂದಲು ಸಿಕ್ಕಿ ಅಪ್ಪ ಕೆಮ್ಮಿದ. ಕಣ್ಣಲ್ಲಿ ನೀರು ಬಂತು. ಜಗಲಿಯಲ್ಲಿ ಕೂತವರು ನಕ್ಕರು. ಅಪ್ಪ ತಟ್ಟೆ ಖಾಲಿ ಮಾಡಿ ಕೈ ಮುಗಿದ. ಕೈ ಮುಗಿದದ್ದನ್ನು ನಾನು ಮರೆತಿಲ್ಲ. ಭವ್ಯಶ್ರೀಗೂ ಹೇಳಿದ್ದೇನೆ, ಅವಳೂ ಮರೆಯಬಾರದು ಎಂದು.

ಇಂಥದ್ದು ಸಮುದ್ರ ದಾಟಿ, ಎಸಿ ಹಾಕಿದ ಅಡುಗೆಕೋಣೆಗೆ, ಮೈಕ್ರೋವೇವ್ ಪಕ್ಕಕ್ಕೆ ಬಂದು ನಿಂತಿತ್ತು.

ಮೇಡಂ ಬಾಗಿಲಲ್ಲಿ ನಿಂತಿದ್ದರು. ಅವರ ಕಣ್ಣು ತಟ್ಟೆಯ ಮೇಲೆ ಇರಲಿಲ್ಲ. ಫ್ರಿಜ್ಜಿನ ಮೇಲಿತ್ತು.

"ಮೇಡಂ, ನೀವೂ ನೋಡಿದ್ರಾ?"

"ಅತ್ತೆ ಹಳೇ ಕಾಲದವರು ಮಾರಾಯ್ತಿ. ನನಗೆ ಇದರಲ್ಲಿ ಎಲ್ಲ ನಂಬಿಕೆ ಇಲ್ಲ," ಅಂದರು. "ಅವರ ಸಮಾಧಾನಕ್ಕೆ ಒಂದು ತುತ್ತು ಬಾಯಿಗಿಟ್ಟ ಹಾಗೆ ಮಾಡು. ಮತ್ತೆ ಉಗಿ ಬೇಕಾದ್ರೆ. ಮಗುವಿಗೆ ಜ್ವರ ಅಲ್ವಾ."

ನಂಬಿಕೆ ಇಲ್ಲದವರು ಇವರು. ನಂಬಿದ ಮುದುಕಿಯ ಮೇಲೆ ನನಗೆ ಸಿಟ್ಟು ಬಂತು. ನಂಬದೆಯೂ ತಿನ್ನು ಎಂದವಳ ಮೇಲೆ ಸಿಟ್ಟೂ ಬರಲಿಲ್ಲ. ಕಾಲಿಗೆ ಅಂಟಿದ ಸಗಣಿಯನ್ನು ಕಂಡ ಹಾಗಾಯಿತು.

ಬೆಲ್ ಆಯಿತು. ಬರ್ತ್‌ಡೇಯವರು ಬರತೊಡಗಿದ್ದರು. "ಆಮೇಲೆ," ಎಂದು ಹೇಳಿ ತಟ್ಟೆಯನ್ನು ವಾಷಿಂಗ್ ಮೆಷಿನ್ನಿನ ಮೇಲಿಟ್ಟೆ.

ಪ್ರಾರ್ಥನೆ ಮುಗಿಯಿತು. ದೊಡ್ಡವರು ಹಿಂದಿನ ಸೋಫಾಗಳಲ್ಲಿ ಕೂತರು. ಗೋಡೆಯ ಚಾರ್ಟಿನ ಕೆಳಗೆ ಕುರ್ಚಿ ಹಾಕಿದ್ದರು. ಆ ಮನೆಯ ಕುರ್ಚಿಯಲ್ಲಿ ನಾನು ಕೂತದ್ದು ಅದೇ ಮೊದಲು. ಕೂರುವ ಮುಂಚೆ ಅದಕ್ಕೆ ಒಂದು ಹಳೆಯ ಟವೆಲ್ ಹಾಸಿದ್ದರು. ಮೇಡಂ ನನ್ನ ತಲೆಗೆ ಕಾಗದದ ಗರಿ ಕಟ್ಟಿದರು. ಇಬ್ಬರು ತಾಯಂದಿರು ಫೋನ್ ಎತ್ತಿ ಹಿಡಿದರು.

ಮಕ್ಕಳು ಸಾಲಾಗಿ ಬಂದರು. ಸಾರಿ. ಚಾಕಲೇಟ್. ಸಾರಿ. ಚಾಕಲೇಟ್. ಕೆಲವರಿಗೆ ನಗು, ಕೆಲವರಿಗೆ ನಾಚಿಕೆ. ಒಬ್ಬ ಹುಡುಗ ಚಾಕಲೇಟ್ ಕೊಡಲು ಮನಸ್ಸಿಲ್ಲದೆ ಅತ್ತ. ನನ್ನ ಮಡಿಲು ತುಂಬಿತು. ಬೆವರಿಗೆ ಕಾಗದ ಹಣೆಗೆ ಅಂಟಿ ತುರಿಸುತ್ತಿತ್ತು. ಮೇ, ಮೇ, ಮೇ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ.

ಕೊನೆಗೆ ಬಂದವಳು ಝೀನಾ. ಹತ್ತು ವರ್ಷ, ಎಲ್ಲದಕ್ಕೂ ಪ್ರಶ್ನೆ. ಅವಳು ಸಾರಿ ಹೇಳಲಿಲ್ಲ. ತಾಯಿಯ ಕಡೆ ತಿರುಗಿದಳು.

"ಮಮ್ಮಿ, ಕೆನಡಾದವರು ಅವರ ಮಕ್ಕಳನ್ನು ತಗೊಂಡು ಹೋದ್ರು, ಅದಕ್ಕೆ ಸಾರಿ. ವಿನೋದಕ್ಕನಿಗೆ ನಾವು ಎಂತ ಮಾಡಿದ್ದು?"

ಹಾಲ್‌ನಲ್ಲಿ ಒಂದಿಬ್ಬರು ನಕ್ಕರು. ಮೇಡಂ ಕೂಡ ನಕ್ಕರು. "ನಾವು ಎಂತ ಮಾಡ್ತೇವೆ ಮಗಾ? ನಾವು ಏನೂ ಮಾಡ್ಲಿಲ್ಲ. ಇದು ಲೆಸನ್. ಸಾರಿ ಹೇಳು."

ನಾನು ಎದ್ದೆ. ಚಾಕಲೇಟುಗಳು ನೆಲಕ್ಕೆ ಬಿದ್ದವು. ಅಡುಗೆಕೋಣೆಗೆ ಹೋಗಿ ತಟ್ಟೆ ತಂದು ಎಲ್ಲರ ಮುಂದೆ, ಟೀಪಾಯಿಯ ಮೇಲೆ, ಬೈಬಲಿನ ಪಕ್ಕ ಇಟ್ಟೆ.

"ಇದು ಮಾಡಿದ್ದು," ಎಂದೆ. "ಹಳೇ ಕಾಲದ್ದಲ್ಲ. ಇವತ್ತು ಬೆಳಿಗ್ಗೆಯದ್ದು."

ಝೀನಾ ಬಗ್ಗಿ ನೋಡಿದಳು. "ಕೂದಲು ಉಂಟು ಇದರಲ್ಲಿ. ಇದು ಉಗುರಾ? ಶೆಮಾಯ್, ಇದು ನಮ್ಮ ಬೇಬಿಯ ಉಗುರಲ್ವಾ? ನೀವು ನಿನ್ನೆ ಕಟ್ ಮಾಡಿದ್ದಲ್ವಾ?"

ಶೆಮಾಯ್ ಅಂದರೆ ಅಜ್ಜಿ. ಅಜ್ಜಿ ಜಪಮಾಲೆ ತಿರುಗಿಸುತ್ತಾ ಕೂತಿದ್ದರು. ತಿರುಗಿಸುವುದು ನಿಂತಿತು. ಸೋಫಾದಲ್ಲಿದ್ದವರು ಎಲ್ಲರೂ ನಮ್ಮ ಕರಾವಳಿಯವರೇ. ಯಾರಿಗೂ ವಿವರಿಸಬೇಕಾಗಲಿಲ್ಲ. ಇದು ಏನು ಎಂದು ಒಬ್ಬರೂ ಕೇಳಲಿಲ್ಲ. ಫೋನ್ ಹಿಡಿದಿದ್ದ ಇಬ್ಬರು ಕೈ ಕೆಳಗಿಳಿಸಿದರು. ಇಷ್ಟು ಜನಕ್ಕೆ ಗೊತ್ತಿರುವ ವಿಷಯ ಆರು ವಾರದ ಪಾಠದಲ್ಲಿ ಒಮ್ಮೆಯೂ ಬಂದಿರಲಿಲ್ಲ.

"ವಿನೋದಾ, ಮಕ್ಕಳು ಇದ್ದಾರೆ," ಎಂದು ಮೇಡಂ ಹಲ್ಲು ಕಚ್ಚಿ ಹೇಳಿದರು. "ನಿನ್ನ ಮಾತು ಹೇಳಿ ಮುಗಿಸು. ಐ ಫರ್ಗಿವ್ ಯು. ಹೇಳು."

"ಇಲ್ಲ ಮೇಡಂ. ನಾನು ಕ್ಷಮಿಸ್ಲಿಲ್ಲ."

ಕನ್ನಡ ಬಾರದ ಮಕ್ಕಳೂ ಇದ್ದರು. ಅವರಿಗೂ ತಿಳಿಯಲಿ ಎಂದು ಬಾಯಿಪಾಠ ಮಾಡಿದ್ದಕ್ಕೆ ನನ್ನದೊಂದು ಪದ ಸೇರಿಸಿದೆ. "ಐ ನಾಟ್ ಫರ್ಗಿವ್ ಯು." ವ್ಯಾಕರಣ ತಪ್ಪಿರಬಹುದು. ಅರ್ಥ ಎಲ್ಲರಿಗೂ ಆಯಿತು. ತಲೆಯ ಪಟ್ಟಿ ಬಿಚ್ಚಿ ಕುರ್ಚಿಯ ಮೇಲಿಟ್ಟು ಒಳಗೆ ಹೋದೆ. ಹಾಲ್‌ನಲ್ಲಿ ಮಕ್ಕಳಿಗೆ ಶೂ ಹಾಕುವ ಗಡಿಬಿಡಿ ಕೇಳಿಸಿತು. ತಿಂಡಿ ತಿನ್ನದೆ ಹೋದರು. ಹಸಿವು ಸತ್ತಿರಬೇಕು, ಒಂದು ದಿನಕ್ಕಾದರೂ.

ಮಗುವಿನ ಜ್ವರ ಶನಿವಾರ ಇಳಿಯಿತು. ಔಷಧ ಕೆಲಸ ಮಾಡಿತು. ಕಾರ್ಮಿನ್ ಬಾಯಿ ಮಾತ್ರ, "ತಟ್ಟೆ ಮುಟ್ಟಿದ್ಲಲ್ಲ, ಅದಕ್ಕೇ," ಎಂದು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು. ಅವರ ಮಾತಿಗೆ ನನಗೆ ನಗು ಬಂತು. ನಾಯಿ ಬಾಲ ನಳಿಗೆಯಲ್ಲಿಟ್ಟರೂ ಡೊಂಕೇ.

ಭಾನುವಾರ ಮೇಡಂ ಅಡುಗೆಕೋಣೆಯ ಬಾಗಿಲಿಗೆ ಬಂದರು. ಮುಖ ತೊಳೆದು, ಸಮಾಧಾನದ ದನಿ ಹಾಕಿಕೊಂಡು ಬಂದಿದ್ದರು.

"ನಾನು ಪ್ರೇ ಮಾಡಿದೆ ವಿನೋದಾ. ನಿನ್ನ ಮೇಲೆ ಸಿಟ್ಟಿಲ್ಲ. ಆದ್ರೆ ಮಕ್ಕಳು ಹೆದರಿದ್ದಾರೆ, ಪೇರೆಂಟ್ಸ್ ಎಲ್ಲ ಬೇಜಾರು ಮಾಡಿದ್ದಾರೆ. ಮುಂದಿನ ಶುಕ್ರವಾರ ನೀನು ಎಲ್ಲರೆದುರು ಒಂದು ಸಾರಿ ಹೇಳು. ಸರ್ ರಜೆಯ ಪೇಪರ್ ಹಾಕ್ತೇನೆ ಅಂದಿದ್ದಾರೆ."

"ನಾನು ಎಂತಕ್ಕೆ ಸಾರಿ ಹೇಳುದು?"

"ಒಂದು ಸಾರಿ ಹೇಳಿದ್ರೆ ನಿನ್ನ ಗಂಟು ಎಂತ ಹೋಗ್ತದೆ? ಮಗಳನ್ನು ನೋಡ್ಬೇಕಲ್ವಾ ನಿನಗೆ?"

ಅವರಿಗೆ ಎಲ್ಲಿ ಚುಚ್ಚಬೇಕು ಎಂದು ಗೊತ್ತಿತ್ತು. ಆರು ವಾರ ತಾಯಿ ಮಕ್ಕಳನ್ನು ಅಗಲಿಸಿದ ಪಾಪದ ಬಗ್ಗೆ ಕಣ್ಣೀರು ಹಾಕಿ ಪಾಠ ಮಾಡಿದ ಹೆಂಗಸು ಇವಳು.

"ನಿಮ್ಮ ಪುಸ್ತಕದಲ್ಲಿ ಸಾರಿ ಹೇಳುವ ಪಾಲು ನನ್ನದಲ್ಲ ಮೇಡಂ," ಎಂದೆ. "ಬೇಕಾದ್ರೆ ತೆರೆದು ನೋಡಿ."

ಮೇಡಂ ತೆರೆದು ನೋಡಲಿಲ್ಲ. ಸರ್ ಪೇಪರ್ ಹಾಕಲಿಲ್ಲ. ಗೋಡೆಯ ಚಾರ್ಟನ್ನು ಯಾರೋ ಕಿತ್ತು ತೆಗೆದರು. ಟೇಪಿನ ಜೊತೆ ಬಣ್ಣವೂ ಕಿತ್ತು ಬಂದಿತ್ತು. ಅದನ್ನು ಉಜ್ಜಿ ಸರಿ ಮಾಡು ಎಂದರು. ಆಗುವುದಿಲ್ಲ ಎಂದೆ. ರಾಯಭಾರ ಕಚೇರಿಯ ಸಹಾಯವಾಣಿಗೆ ಫೋನ್ ಮಾಡಿ ನನ್ನ ಹೆಸರು, ಇಲ್ಲಿಯ ಇಕಾಮಾ ಗುರುತುಚೀಟಿಯ ನಂಬರು, ಕಪಾಟಿನಲ್ಲಿರುವ ಪಾಸ್‌ಪೋರ್ಟಿನ ವಿಷಯ ಹೇಳಿದೆ. ಆ ಕಡೆಯವನು ಬರೆದುಕೊಂಡ. ಸಮಯ ಹಿಡಿಯುತ್ತದೆ ಅಂದ.

ಆ ಮಧ್ಯಾಹ್ನವೇ ಮಗಳಿಗೆ ಫೋನ್ ಮಾಡಿದೆ. ಮೇಯಲ್ಲಿ ಬರಲು ಆಗಲಿಕ್ಕಿಲ್ಲ ಎಂದೆ. ಅವಳು ಅತ್ತಳು. ನಾನೂ ಅತ್ತೆ, ಮುಚ್ಚಿಡಲಿಲ್ಲ. ಯಾಕೆ ಎಂದು ಕೇಳಿದಳು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅನ್ನ, ಕೂದಲು, ಉಗುರು ಎಲ್ಲ ಹೇಳಿದೆ.

"ಅಮ್ಮ, ನೀನು ತಿಂದೆಯಾ?"

"ಇಲ್ಲ ಮಗಾ."

"ಹಾಗಾದ್ರೆ ನಿಧಾನ ಬಾ," ಅಂದಳು.